ಮೂರು, ಏಳು, ಹನ್ನೊಂದು

ಬೆಳಗ್ಗೆ ಆರು ಗಂಟೆಗೆ ಇನ್ನೆರಡು ನಿಮಿಷ ಇರುವಾಗ ಟೋಕನಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಫೋನುಗಳನ್ನು ಸಾಲಾಗಿ ಜೋಡಿಸಿದಳು. ಮೊದಲನೆಯದು ಅವಳದೇ. ಎರಡನೆಯದು ಗಂಡನದು, ಮೂಲೆಯಲ್ಲಿ ಗಾಜು ಬಿರುಕು ಬಿಟ್ಟದ್ದು. ಮೂರನೆಯದು ಅತ್ತೆಯದು. ಅದನ್ನು ಅತ್ತೆ ಏಳುವ ಮುಂಚೆ ದಿಂಬಿನ ಪಕ್ಕದಿಂದ ತರಬೇಕು, ಏಳುವಷ್ಟರಲ್ಲಿ ವಾಪಸು ಇಡಬೇಕು. ಮೂರರ ಪರದೆಯ ಮೇಲೂ ಒಂದೇ ಚಿತ್ರ: ಒಂದರಿಂದ ನಲವತ್ತರವರೆಗೆ ಚೌಕಗಳು, ಎಲ್ಲವೂ ಬೂದು ಬಣ್ಣ.

ಗಂಡ ಹಲ್ಲುಜ್ಜುತ್ತಾ ಬಾಗಿಲಲ್ಲಿ ಬಂದು ನಿಂತ. ಅವನು ಬಸ್ ಕಂಡಕ್ಟರ್. ಬಸ್ಸುಗಳು ನಿಂತು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಮನೆಯಲ್ಲಿ ಯಾರು ಎದ್ದು ಓಡಾಡಿದರೂ ಅವನಿಗೆ ಎಲ್ಲಿಗೆ ಎಂದು ಕೇಳುವ ಅಭ್ಯಾಸ ಬಿದ್ದಿತ್ತು.

“ಇವತ್ತು ನನಗೇನು ಕಾಯಿಲೆ?” ಎಂದ.

“ಬೆನ್ನುನೋವು.”

“ಶನಿವಾರಾನೂ ಬೆನ್ನುನೋವೇ ಇತ್ತಲ್ಲೇ? ಸ್ವಲ್ಪ ಬದಲಾಯಿಸು. ನನಗೇ ಬೇಜಾರು ಬಂದಿದೆ.”

“ನಿಮಗೆ ಬದಲಾಯಿಸಿದ್ರೆ ಅತ್ತೆ ಕೆಮ್ಮೂ ಬದಲಾಯಿಸ್ಬೇಕು. ಸುಮ್ನಿರಿ ರೀ, ಆರಾಯ್ತು.”

ಚೌಕಗಳು ಹಸಿರಾದವು. ಟೋಕನಕ್ಕನ ಎರಡು ಹೆಬ್ಬೆರಳುಗಳು ಮೂರು ಫೋನುಗಳ ಮೇಲೆ ಓಡಿದವು. ಮೂರು, ಏಳು, ಹನ್ನೊಂದು. ಮೂರೂ ಕೆಂಪಾದವು. ಒಂಬತ್ತು ಸೆಕೆಂಡು. ಅವಳು ತಲೆ ಎತ್ತುವಷ್ಟರಲ್ಲಿ ಉಳಿದ ಚೌಕಗಳಲ್ಲಿ ಅರ್ಧ ಕೆಂಪಾಗಿದ್ದವು. ನಾಲ್ಕನೆಯ ನಿಮಿಷಕ್ಕೆ ನಲವತ್ತೂ ಭರ್ತಿ.

“ಹೋಲ್ಡಾನ್,” ಎಂದು ಗಂಡ ಬಾಯಿ ಮುಕ್ಕಳಿಸಲು ಹೋದ.

ಅದು ಆ್ಯಪ್ ಶುರುವಾದ ತೊಂಬತ್ತನಾಲ್ಕನೆಯ ದಿನ, ಸೋಮವಾರ. ಆ ಮನೆಯ ಮೂವರೂ ಗಟ್ಟಿಮುಟ್ಟಾಗಿದ್ದರು. ಎಂಬತ್ತರ ಹತ್ತಿರವಿದ್ದ ಅತ್ತೆಯಂತೂ ಹುಟ್ಟಿದಾಗಿನಿಂದ ಒಂದು ಮಾತ್ರೆ ನುಂಗಿದವಳಲ್ಲ. ಅದನ್ನು ಬಂದವರಿಗೆಲ್ಲ ಹೇಳದೆ ಬಿಟ್ಟವಳೂ ಅಲ್ಲ.

ಟೋಕನಕ್ಕನಿಗೆ ಆ ಹೆಸರು ಬಂದು ಇಪ್ಪತ್ತಾರು ವರ್ಷವಾಗಿದೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಮೇಜಿಗೆ ಸೇರಿದಾಗ ಅವಳಿಗೆ ಕೊಟ್ಟದ್ದು ಒಂದು ಬಿಳಿ ಕೋಟು, ಒಂದು ಲ್ಯಾಂಡ್‌ಲೈನು ಮತ್ತು ಮೊಳೆಗೆ ನೇತುಹಾಕಿದ ನಲವತ್ತು ಅಲ್ಯೂಮಿನಿಯಂ ಬಿಲ್ಲೆಗಳು. ಈಗಲೂ ಅವೇ ಇವೆ. ಇಪ್ಪತ್ತೆರಡನೆಯದು ಮಾತ್ರ ರಟ್ಟಿನದು. ಅಸಲಿಯನ್ನು ಯಾರೋ ಜೇಬಿನಲ್ಲಿಟ್ಟುಕೊಂಡು ಗುಣವಾಗಿ ಹೋಗಿಬಿಟ್ಟಿದ್ದರು. ಕ್ಲಿನಿಕ್ಕು ಕೆಳಗೆ, ಡಾಕ್ಟರ ಮನೆ ಮಹಡಿಯ ಮೇಲೆ. ಕೆಳಗಿನ ಹಾಲಿನಲ್ಲಿ ಹನ್ನೆರಡು ಮಂದಿ ಕೂರುವ ಉದ್ದ ಬೆಂಚು, ಬೆಂಚಿನ ಮೇಲಿನ ಗೋಡೆಗೆ ಒಂದು ಬೋರ್ಡು: ‘ಬಂದವರಿಗೆ ಸರದಿಯಂತೆ. ಶಿಫಾರಸು ನಡೆಯುವುದಿಲ್ಲ.’

ಆ ಬೋರ್ಡು ಡಾಕ್ಟರ ಕೈಬರಹ. ಅದರ ಪ್ರಕಾರ ನಡೆದ ಹೆಮ್ಮೆಯೂ ಅವರದು. ಸ್ವಂತ ಭಾವಮೈದುನ ಜ್ವರ ಹಿಡಿದು ಬಂದಾಗ ಇಪ್ಪತ್ತೊಂಬತ್ತನೆಯ ಟೋಕನ್ ಕೊಟ್ಟು ಎರಡೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿದ್ದನ್ನು ಅವರು ಈಗಲೂ ಹೇಳುತ್ತಾರೆ. ಭಾವಮೈದುನ ಈಗಲೂ ಅವರ ಮನೆಗೆ ಬರುವುದಿಲ್ಲ.

ಟೋಕನಕ್ಕ ಬೋರ್ಡಿನ ಬಗ್ಗೆ ಎಂದೂ ಮಾತಾಡಿದವಳಲ್ಲ. ಪ್ರತಿದಿನ ಬಾಗಿಲು ತೆರೆದ ಕೂಡಲೇ ಮೊಳೆಯಿಂದ ಮೂರು, ಏಳು, ಹನ್ನೊಂದು ಬಿಲ್ಲೆಗಳನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು, ಅಷ್ಟೆ. ಒಂದನೆಯದನ್ನು ಕೊಟ್ಟರೆ ಬೆಳಗಿನಿಂದ ಬಾಗಿಲು ಕಾದವರು ಜಗಳಕ್ಕೆ ನಿಲ್ಲುತ್ತಾರೆ. ಮೂರನೆಯದನ್ನು ಯಾರೂ ಲೆಕ್ಕವಿಡುವುದಿಲ್ಲ. ಮೂರು ತಪ್ಪಿದರೆ ನಾಲ್ಕು ಜನರ ನಂತರ ಏಳು, ಅದೂ ತಪ್ಪಿದರೆ ಇನ್ನು ನಾಲ್ಕು ಜನರ ನಂತರ ಹನ್ನೊಂದು. ನಿಜವಾಗಿ ಕಾಯಲಾಗದವರು ಅದಕ್ಕಿಂತ ಹೆಚ್ಚು ಕಾಯುವಂತಾಗಬಾರದು.

ಕಾಯಲಾಗದವರು ಯಾರು ಎಂಬುದನ್ನು ಅವಳು ಬೆಂಚಿನಿಂದ ಕಲಿತಿದ್ದಳು. ನರಳುವವರಿಗೆ ಅವಳು ಜೇಬಿನ ಬಿಲ್ಲೆ ಕೊಡುತ್ತಿರಲಿಲ್ಲ. ನರಳುವುದಕ್ಕೂ ಶಕ್ತಿ ಬೇಕು ಎಂಬುದು ಅವಳ ಲೆಕ್ಕ. ಬೆಂಚಿಗೆ ಬೆನ್ನು ಕೊಡದೆ ಮುಂದಕ್ಕೆ ಬಾಗಿ ಕೂರುವವರು, ಚಪ್ಪಲಿ ಬಿಡಲು ಎರಡು ಸಲ ಪ್ರಯತ್ನಿಸಿ ಹಾಗೇ ಒಳಗೆ ಬರುವವರು, ಎಲ್ಲಕ್ಕಿಂತ ಹೆಚ್ಚಾಗಿ ‘ಅವರು ಮೊದಲು ಹೋಗ್ಲಿ ಬಿಡಿ, ನನಗೇನೂ ಅವಸರ ಇಲ್ಲ’ ಎನ್ನುವವರು. ಅಂಥವರ ಕೈಗೆ, ಮಾತಾಡಿಸುವ ನೆಪದಲ್ಲಿ, ಏಳನೆಯ ಬಿಲ್ಲೆ ಹೋಗುತ್ತಿತ್ತು.

ಇದರ ಫಲ ಡಾಕ್ಟರಿಗೆ ಸಿಕ್ಕಿತು. ಊಟಕ್ಕೆ ಕೂತಾಗ, ವೈದ್ಯರ ಸಂಘದ ಸಭೆಯಲ್ಲಿ, ಮಗಳ ಮದುವೆಯ ಮಾತುಕತೆಯಲ್ಲಿ ಕೂಡ ಅವರು ಹೇಳುತ್ತಿದ್ದರು: “ನನ್ನ ಅದೃಷ್ಟ ನೋಡಿ. ಸೀರಿಯಸ್ ಕೇಸು ಯಾವತ್ತೂ ನನ್ನ ಹತ್ರ ಮೊದಲೇ ಬಂದುಬಿಡುತ್ತೆ. ಇಷ್ಟು ವರ್ಷದಲ್ಲಿ ಒಬ್ಬನೂ ಬೆಂಚಿನ ಮೇಲೆ ಕುಸಿದಿಲ್ಲ.” ಊರಿನವರು ಅದನ್ನು ಕೈಗುಣ ಎಂದರು. ಡಾಕ್ಟರು ಆ ಮಾತನ್ನು ತಳ್ಳಿಹಾಕಲಿಲ್ಲ.

ಆಮೇಲೆ ರೋಗ ಬಂತು. ಬೀದಿಗಳು ಖಾಲಿಯಾದವು, ಬೆಂಚನ್ನು ಗೋಡೆಗೆ ಮಗುಚಿ ನಿಲ್ಲಿಸಲಾಯಿತು. ಡಾಕ್ಟರಿಗೆ ಅರವತ್ತೆಂಟು, ಮೇಲಾಗಿ ಸಕ್ಕರೆ ಕಾಯಿಲೆ. ಅವರನ್ನು ಮಹಡಿಯಿಂದ ಕೆಳಗಿಳಿಯಲು ಮಗಳು ಬಿಡಲಿಲ್ಲ. ಮೂರು ವಾರ ಅವರು ಕಿಟಕಿಯಿಂದ ಬೀದಿ ನೋಡಿದರು. ನಾಲ್ಕನೆಯ ವಾರ ಅಳಿಯ ಆ್ಯಪ್ ತಂದ.

ಅಳಿಯನಿಗೆ ಮೂವತ್ತಾರು ವರ್ಷ. ಕಂಪ್ಯೂಟರ್ ಕೆಲಸದವನು, ಮಾತಿನಲ್ಲಿ ಸಭ್ಯ. ಊರಿಗೆಲ್ಲ ಅಕ್ಕನಾದವಳನ್ನು ಅವನೊಬ್ಬ ‘ಆಂಟಿ’ ಎನ್ನುತ್ತಿದ್ದ. “ಇನ್ನು ಯಾರೂ ಬಂದು ಕಾಯೋ ಹಾಗಿಲ್ಲ ಆಂಟಿ. ಬೆಳಗ್ಗೆ ಆರಕ್ಕೆ ಬುಕಿಂಗ್ ತೆರೆಯುತ್ತೆ, ಭಾನುವಾರ ರಜೆ. ಒಂಬತ್ತರಿಂದ ಒಂದು ಗಂಟೆವರೆಗೆ, ಒಬ್ಬೊಬ್ಬರಿಗೆ ಆರು ನಿಮಿಷ. ಮೊದಲು ಒತ್ತಿದವರಿಗೆ ಮೊದಲು. ನಿಮ್ಮ ಬೋರ್ಡಲ್ಲಿ ಇರೋದೇ ಇಲ್ಲೂ ಇರೋದು.”

ಟೋಕನಕ್ಕನಿಗೆ ಉಳಿದ ಕೆಲಸ ಲ್ಯಾಂಡ್‌ಲೈನಿನದು. ಆ್ಯಪ್ ತಿಳಿಯದವರಿಗೆ ಹೇಳಿಕೊಡುವುದು, ಡಾಕ್ಟರು ಚೀಟಿ ಬರೆದು ಫೋಟೊ ತೆಗೆದು ಕಳಿಸಿದ್ದನ್ನು ರೋಗಿಗೆ ದಾಟಿಸುವುದು. ಮಗುಚಿದ ಬೆಂಚಿನ ಎದುರು, ಅರ್ಧ ಇಳಿಸಿದ ಶಟರಿನ ಹಿಂದೆ ಅವಳೊಬ್ಬಳೇ ಕೋಟು ಹಾಕಿಕೊಂಡು ಕೂರುತ್ತಿದ್ದಳು.

ಮೊದಲ ವಾರ ಡಾಕ್ಟರು ನೋಡಿದ್ದು ಹೆಚ್ಚಾಗಿ ಚಾವಣಿಗಳನ್ನು. ಯಾರ ಮನೆಯ ಫ್ಯಾನಿಗೆ ಎಷ್ಟು ಧೂಳು ಎಂಬುದು ಅವರಿಗೆ ಬಾಯಿಪಾಠವಾಯಿತು. ಎದೆನೋವು ಎಂದವರು ಫೋನನ್ನು ಎದೆಗೆ ಒತ್ತಿ ಹಿಡಿದು, ‘ಕೇಳಿಸ್ತಾ ಡಾಕ್ಟ್ರೇ? ಇನ್ನೊಂಚೂರು ಎಡಕ್ಕೆ ಇಡ್ಲಾ?’ ಎನ್ನುತ್ತಿದ್ದರು. ಗಂಟಲು ನೋವು ಎಂದವರು ಫೋನನ್ನೇ ನುಂಗುವಂತೆ ಬಾಯೊಳಗೆ ತರುತ್ತಿದ್ದರು. ಡಾಕ್ಟರ ಪರದೆ ಕತ್ತಲಾಗುತ್ತಿತ್ತು. ಒಬ್ಬ ಅಜ್ಜಿ ಎಲ್ಲ ಹೇಳಿ ಮುಗಿಸಿ, “ಈಗ ಗಾಜಿಗೆ ಕೈ ಇಡಿ ನೋಡೋಣ. ನಿಮ್ಮ ಕೈಗುಣ ಫೋನಲ್ಲಿ ಬರುತ್ತೋ ಇಲ್ವೋ,” ಎಂದು ಪಟ್ಟು ಹಿಡಿದಳು. ಡಾಕ್ಟರು ಅತ್ತಿತ್ತ ನೋಡಿ ಗಾಜಿಗೆ ಕೈ ಇಟ್ಟರು. ಹಲ್ಲುನೋವಿನವರಿಗೂ ನಾಡಿ ಹಿಡಿಯುವುದು ಅವರ ಹಳೆಯ ಅಭ್ಯಾಸ. ಪರದೆಯ ಮುಂದೆ ಅವರ ಎಡಗೈ ಹಿಡಿಯಲು ಮಣಿಕಟ್ಟಿಲ್ಲದೆ ಮೇಜಿನ ಮೇಲೆಲ್ಲ ತಡಕಾಡಿ, ಕೊನೆಗೆ ಗಾಜಿನ ಪೇಪರ್‌ವೇಟನ್ನು ಹಿಡಿದು ಸಮಾಧಾನಪಡುತ್ತಿತ್ತು.

ಸರದಿ ಮಾತ್ರ ಬೋರ್ಡಿನಲ್ಲಿದ್ದಂತೆಯೇ ನಡೆಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಒಂದನೆಯ ನಂಬರು ದಿನವೂ ವ್ಯಾಯಾಮ ಮಾಡುವ ಒಬ್ಬ ಕಟ್ಟಾಳಿಗೆ ಸಿಗುತ್ತಿತ್ತು. ಅವನು ಆರಕ್ಕೆ ಮುಂಚೆ ಎದ್ದಿರುತ್ತಿದ್ದ, ಬೆರಳು ಚುರುಕು. ಅವನ ದೂರು ಕೂದಲು ಉದುರುವುದು. ಎರಡನೆಯದು ಒಬ್ಬ ನಿವೃತ್ತ ಗುಮಾಸ್ತನಿಗೆ. ಅವನಿಗೆ ಹೊಟ್ಟೆಯಲ್ಲಿ ಗ್ಯಾಸು, ಅದನ್ನು ಕೇಳುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಗಟ್ಟಿಯಾಗಿದ್ದವರೆಲ್ಲ ಹತ್ತು ಗಂಟೆಯೊಳಗೆ ಡಾಕ್ಟರನ್ನು ಕಂಡು ಮುಗಿಸುತ್ತಿದ್ದರು. ರಾತ್ರಿಯಿಡೀ ಕೆಮ್ಮಿ ಬೆಳಗಿನ ಜಾವ ಕಣ್ಣು ಮುಚ್ಚಿದವರು ಆರು ಗಂಟೆಗೆ ನಿದ್ದೆಗಣ್ಣಿನಲ್ಲಿ ಫೋನು ತಡಕುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಮೂವತ್ತರ ಮೇಲಿನವು.

ಎಂಟನೆಯ ದಿನ, ಶನಿವಾರ, ಇಸ್ತ್ರಿ ಅಂಗಡಿಯವಳು ಫೋನು ಮಾಡಿದಳು. “ಮೂವತ್ತೇಳು ಬಂದಿದೆ ಅಕ್ಕ. ಪರವಾಗಿಲ್ಲ, ಕಾಯ್ತೀನಿ. ನನಗೇನೂ ಅವಸರ ಇಲ್ಲ.”

ಟೋಕನಕ್ಕನ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಜೇಬು ಖಾಲಿ. ಮೇಲೆ ಫೋನು ಮಾಡಿದರೆ ಡಾಕ್ಟರು ಎತ್ತುವುದಿಲ್ಲ. ರೋಗಿ ಎದುರಿಗಿರುವಾಗ ಬೇರೆ ಫೋನು ಮುಟ್ಟುವುದಿಲ್ಲ ಎಂಬುದು ಅವರ ಇನ್ನೊಂದು ನಿಯಮ. ಹನ್ನೆರಡು ಮೂವತ್ತಾರಕ್ಕೆ ಮೂವತ್ತೇಳನೆಯ ಸರದಿ ಬಂದಾಗ ಆ ಕಡೆ ಯಾರೂ ಎತ್ತಲಿಲ್ಲ. ಅಕ್ಕಪಕ್ಕದವರು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಅವಳು ಇಪ್ಪತ್ತು ದಿನ ಅಲ್ಲಿದ್ದು, ಬದುಕಿ ಬಂದಳು. ಆ್ಯಪ್‌ನಲ್ಲಿ ಅವಳ ಹೆಸರಿನ ಮುಂದೆ ‘ರೋಗಿ ಹಾಜರಾಗಲಿಲ್ಲ’ ಎಂದು ದಾಖಲಾಯಿತು.

ಸೋಮವಾರ ಬೆಳಗ್ಗೆ ಟೋಕನಕ್ಕ ಮೂರು ಫೋನು ಜೋಡಿಸಿದಳು.

ಒಂದು ಫೋನಿಗೆ ದಿನಕ್ಕೆ ಒಂದೇ ನಂಬರು. ಬುಕ್ ಮಾಡಿದ ಫೋನಿಗೆ ಒಂದು ಲಿಂಕು ಬರುತ್ತಿತ್ತು. ಒತ್ತಿದರೆ ಡಾಕ್ಟರ ಮುಖ. ಆ ಲಿಂಕನ್ನು ಯಾರಿಗೆ ಕಳಿಸಿದರೂ ತೆರೆದುಕೊಳ್ಳುತ್ತಿತ್ತು. ಹೆಸರು ಒಬ್ಬರದು, ಮುಖ ಇನ್ನೊಬ್ಬರದು ಎಂದು ಡಾಕ್ಟರು ಅಳಿಯನಿಗೆ ಒಂದೆರಡು ಸಲ ದೂರಿದರು. “ಮಗನ ಫೋನು, ಪಕ್ಕದ ಮನೆಯವರ ಫೋನು ಅಂತ ಎಲ್ಲರೂ ಹಾಗೇ ಮಾಡ್ತಾರೆ ಮಾವ,” ಎಂದ ಅಳಿಯ. ಅದು ನಿಜವೂ ಆಗಿತ್ತು.

ಕಷ್ಟ ಬೇರೆಡೆ ಇತ್ತು. ಬೆಂಚು ಇಲ್ಲ, ಬಂದು ಕೂರುವವರಿಲ್ಲ. ಯಾರು ಮುಂದಕ್ಕೆ ಬಾಗಿ ಕೂತಿದ್ದಾರೆಂದು ಲ್ಯಾಂಡ್‌ಲೈನಿನಲ್ಲಿ ಕಾಣುವುದಿಲ್ಲ. ಐವತ್ತನೆಯ ವಯಸ್ಸಿನಲ್ಲಿ ಟೋಕನಕ್ಕ ಕಣ್ಣಿನ ಕೆಲಸವನ್ನು ಕಿವಿಗೆ ಕಲಿಸಬೇಕಾಯಿತು. ಆ್ಯಪ್ ಹೇಗೆ ಒತ್ತಬೇಕೆಂದು ಕೇಳಲು ಫೋನು ಮಾಡಿದವರನ್ನು ಅವಳು ಮಾತಿಗೆಳೆಯುತ್ತಿದ್ದಳು. “ಫೋನು ಹಿಡ್ಕೊಂಡೇ ಬಾಗಿಲ ತನಕ ಹೋಗಿ ಚಿಲಕ ಹಾಕಿದೆಯಾ ನೋಡಿ ಬನ್ನಿ,” ಎನ್ನುವಳು. ಹೋಗಿ ಬಂದವರು ಮಾತು ಮುಂದುವರಿಸಲು ಎಷ್ಟು ಹೊತ್ತು ತೆಗೆದುಕೊಂಡರು ಎಂಬುದು ಅವಳಿಗೆ ಬೇಕಾದದ್ದು. ಇಡೀ ಬಡಾವಣೆಗೆ ಟೋಕನಕ್ಕನಿಗೆ ಕಳ್ಳರ ಭಯ ಹತ್ತಿದೆ ಎಂಬ ಸುದ್ದಿ ಹಬ್ಬಿತು.

ನಲವತ್ತನೆಯ ದಿನದ ಆಸುಪಾಸಿನಲ್ಲಿ ಲೆಕ್ಕದ ಮೇಷ್ಟ್ರು ಫೋನು ಮಾಡಿದರು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು, ಅವಳ ಗಂಡನಿಗೂ ಸೇರಿಸಿ. ತಮಗೇನೂ ಆಗಿಲ್ಲ, ಹೆಂಡತಿಯ ಒತ್ತಾಯಕ್ಕೆ ಬುಕ್ ಮಾಡಿದ್ದೇನೆ, ಮೂವತ್ತೆಂಟು ಸಿಕ್ಕಿದೆ, ಬೇಕಾದರೆ ನಾಳೆಗೆ ಹಾಕಿಬಿಡು ಎಂದರು.

“ಹಾಕ್ತೀನಿ ಮೇಷ್ಟ್ರೇ. ಅದಿರಲಿ, ನಮ್ಮನೆಯವರು ಹದಿನೇಳರ ಮಗ್ಗಿ ಮರೆತು ಕೂತಿದ್ದಾರೆ. ಒಂದ್ಸಲ ಹೇಳ್ಬಿಡಿ, ಬರ್ಕೋತೀನಿ.”

“ನಿನ್ನ ಗಂಡನಿಗೆ ಅದು ಯಾವತ್ತು ಬರ್ತಿತ್ತು? ಕಂಡಕ್ಟರ್ ಹೇಗಾದನೋ ಏನೋ. ಬರ್ಕೋ. ಹದಿನೇಳೊಂದ್ಲಿ ಹದಿನೇಳು. ಹದಿನೇಳೆರಡ್ಲಿ ಮೂವತ್ನಾಲ್ಕು. ಹದಿನೇಳ್ಮೂರ್ಲಿ ಐವತ್ತೊಂದು. ಹದಿನೇಳ್ನಾಲ್ಕ್ಲಿ…”

ಅಲ್ಲಿ ನಿಂತಿತು. ಮೇಷ್ಟ್ರು ತರಗತಿಯಲ್ಲಿ ಇಡೀ ಮಗ್ಗಿಯನ್ನು ಒಂದೇ ಉಸಿರಿಗೆ ಹೇಳುತ್ತಿದ್ದವರು.

“ಅರವತ್ತೆಂಟು,” ಎಂದಳು ಟೋಕನಕ್ಕ. “ಸಾಕು ಮೇಷ್ಟ್ರೇ. ನಿಮ್ಮ ಫೋನಿಗೆ ಈಗೊಂದು ಲಿಂಕು ಬರುತ್ತೆ. ಒಂಬತ್ತು ಮೂವತ್ತಾರಕ್ಕೆ ಒತ್ತಿ.”

ಒಂಬತ್ತು ನಲವತ್ತಕ್ಕೆ ಡಾಕ್ಟರು ಆಂಬ್ಯುಲೆನ್ಸಿಗೆ ಹೇಳಿದರು. ಅಂದು ಸಂಜೆ ಅಳಿಯನ ಮುಂದೆ ಅವರು ಹೇಳಿದ ಮಾತು ಮೆಟ್ಟಿಲ ಕೆಳಗಿದ್ದ ಟೋಕನಕ್ಕನಿಗೂ ಕೇಳಿಸಿತು: “ನಿನ್ನ ಆ್ಯಪಲ್ಲೂ ನನ್ನ ಅದೃಷ್ಟ ಬಿಟ್ಟುಹೋಗಿಲ್ಲ ಕಣಪ್ಪ. ಮೇಷ್ಟ್ರು ಏಳನೇ ನಂಬರಲ್ಲೇ ಸಿಕ್ಕಿದ್ರು.”

ಇಷ್ಟು ಹಿನ್ನೆಲೆ. ಈಗ ತೊಂಬತ್ತನಾಲ್ಕನೆಯ ದಿನದ ಮಧ್ಯಾಹ್ನಕ್ಕೆ ಬರಬಹುದು.

ಒಂದೂಕಾಲಿಗೆ ಅಳಿಯ ಫೋನು ಮಾಡಿದ. “ಆಂಟಿ, ಖುಷಿ ಸುದ್ದಿ. ಭಾನುವಾರಕ್ಕೆ ಆ್ಯಪ್‌ಗೆ ನೂರು ದಿನ. ಬೆಳಗ್ಗೆ ಹನ್ನೊಂದಕ್ಕೆ ಆನ್‌ಲೈನ್ ಕಾರ್ಯಕ್ರಮ ಇಟ್ಕೊಂಡಿದ್ದೀವಿ. ಡಾಕ್ಟರುಗಳ ಸಂಘದವರೆಲ್ಲ ನೋಡ್ತಾರೆ. ಅತಿ ಹೆಚ್ಚು ಸಲ ಬುಕ್ ಮಾಡಿದ ಮೂವರು ರೋಗಿಗಳಿಗೆ ಪ್ರಮಾಣಪತ್ರ ಕೊಡೋಣ ಅಂತ. ಶನಿವಾರದ ತನಕದ ಪಟ್ಟಿ ತೆಗೆದು ನೋಡಿದೆ, ನಂಬೋಕೇ ಆಗಲ್ಲ. ಎಪ್ಪತ್ತೆರಡು ಸಲ, ಎಪ್ಪತ್ತೆರಡು ಸಲ, ಎಪ್ಪತ್ತು ಸಲ! ಅವರ ನಂಬರ್ ಹೇಳ್ತೀನಿ, ಬರ್ಕೊಳ್ಳಿ. ನೀವೇ ಫೋನು ಮಾಡಿ ಕರೀಬೇಕು.”

ಟೋಕನಕ್ಕ ಬರೆದುಕೊಂಡಳು. ಬರೆದುಕೊಳ್ಳುವ ಅಗತ್ಯವಿರಲಿಲ್ಲ. ಎಪ್ಪತ್ತು ಎಂದದ್ದು ಅತ್ತೆಯದು. ಎರಡು ದಿನ ಅತ್ತೆ ಬೇಗ ಎದ್ದುಬಿಟ್ಟಿದ್ದಳು. ಟೋಕನಕ್ಕನ ನಂಬರನ್ನೂ, ಆ ಅಡ್ಡಹೆಸರಿನಡಿ ಡಾಕ್ಟರೂ ಮರೆತಿದ್ದ ಅವಳ ನಿಜ ಹೆಸರನ್ನೂ ಅಳಿಯ ಗುರುತಿಸಲಿಲ್ಲ. ಅವನು ಅವಳಿಗೆ ಯಾವತ್ತೂ ಮಾಡುತ್ತಿದ್ದದ್ದು ಲ್ಯಾಂಡ್‌ಲೈನಿಗೆ.

“ಇನ್ನೊಂದು ವಿಷಯ ಆಂಟಿ. ಆ್ಯಪ್ ಈಗ ತಾನೇ ತಾನಾಗಿ ನಡೀತಿದೆ. ಕೆಳಗಿನ ಮೇಜು ಈ ತಿಂಗಳಿಗೆ ಮುಗಿಸೋಣ ಅಂತಿದ್ದೀನಿ. ಭಾನುವಾರ ಅದನ್ನೂ ಹೇಳ್ತೀನಿ. ನಿಮಗೂ ವಿಶ್ರಾಂತಿ ಬೇಕಲ್ವಾ?”

ಮನೆಗೆ ಬಂದು ಅವಳು ಚೀಟಿಯನ್ನು ಗಂಡನ ಮುಂದೆ ಇಟ್ಟಳು. ಗಂಡ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದ.

“ಪ್ರಮಾಣಪತ್ರ ಅಂದ್ರೆ ಫ್ರೇಮ್ ಹಾಕಿರೋದೇ?” ಎಂದ.

“ರೀ, ತಮಾಷೆ ಮಾಡ್ಬೇಡಿ. ಗೊತ್ತಾದ್ರೆ ಇಪ್ಪತ್ತಾರು ವರ್ಷದ ಕೆಲಸ ಹೋಯ್ತು. ಗೊತ್ತಾಗದಿದ್ರೂ ಹೋಯ್ತು.”

“ಅದೇ ಹೇಳ್ತಿದ್ದೀನಿ. ಎರಡು ಕಡೆಯಿಂದಲೂ ಹೋಗೋದಾದ್ರೆ ಪ್ರಮಾಣಪತ್ರ ಆದ್ರೂ ಬರಲಿ. ನಾನು ಇಸ್ತ್ರಿ ಶರ್ಟು ಹಾಕಿ ಕೂತು ಸೊಂಟ ಹಿಡ್ಕೋತೀನಿ. ಅಮ್ಮ ಪಕ್ಕದಲ್ಲಿ ಕೂತು ಕೆಮ್ಮಲಿ.”

ಅತ್ತೆ ಒಳಗಿನಿಂದ ಬಂದಳು. ಆ ವಯಸ್ಸಿಗೂ ಅವಳ ಕಿವಿ ಚೆನ್ನಾಗಿತ್ತು. ಅದೂ ಅವಳು ಬಂದವರಿಗೆ ಹೇಳುವ ವಿಷಯಗಳಲ್ಲೊಂದು. “ಯಾರು ಕೆಮ್ಮಬೇಕು?”

ಹೇಳದೆ ವಿಧಿಯಿರಲಿಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡಳು. ಫೋನು ಕದ್ದದ್ದಕ್ಕೆ ಏನೂ ಅನ್ನಲಿಲ್ಲ. ಅವಳಿಗೆ ನೋವಾದದ್ದು ಬೇರೆ ಕಡೆ.

“ಎಪ್ಪತ್ತು ಸಲ ಕೆಮ್ಮು ಅಂತ ಬರೆಸಿದ್ದೀಯಾ? ನನಗೆ? ಒಂದು ದಿನ ನೆಗಡಿ ಆದವಳಲ್ಲ ನಾನು. ನಾಳೆ ಆ ಡಾಕ್ಟರು ನನ್ನನ್ನ ಏನು ಅಂದ್ಕೊಳ್ತಾರೆ?”

“ಅವರು ಏನೂ ಅಂದ್ಕೊಳ್ಳಲ್ಲ ಅತ್ತೆ. ನಿಮ್ಮ ನಂಬರಲ್ಲಿ ಹೋದವರು ಬೇರೆಯವರು.”

“ಯಾರು?”

ಟೋಕನಕ್ಕ ನೆನಪಿದ್ದಷ್ಟು ಹೇಳಿದಳು. ಹಾಲಿನವನ ತಂಗಿ, ಅಂಚೆಯವನು, ಮೇಷ್ಟ್ರು, ಬೀಗದ ಅಂಗಡಿಯವನ ತಾಯಿ. ಹೇಳುತ್ತಾ ಹೋದಂತೆ ಪಟ್ಟಿ ಉದ್ದವಾಯಿತು. ಅತ್ತೆ ಕೈ ಎತ್ತಿ ತಡೆದಳು.

“ಮೇಷ್ಟ್ರು ನನ್ನ ಫೋನಲ್ಲಿ ಹೋದ್ರಾ, ಇವನ ಫೋನಲ್ಲಾ?”

“ನಿಮ್ಮದರಲ್ಲಿ.”

“ಹಾಗಾದ್ರೆ ಹೋಗಿ ನಿಜ ಹೇಳ್ಬಿಡು. ಮಾಡಿದ್ದನ್ನ ಮಾಡಿದೆ ಅನ್ನು. ಕೆಮ್ಮು ಮಾತ್ರ ತೆಗೆಸು.”

ಮಂಗಳವಾರ ಬೆಳಗ್ಗೆ ಎಂಟೂವರೆಗೆ ಟೋಕನಕ್ಕ ಮಾಸ್ಕ್ ಹಾಕಿಕೊಂಡು ಮಹಡಿ ಮೆಟ್ಟಿಲು ಹತ್ತಿದಳು. ಡಾಕ್ಟರು ಮೇಜಿನ ಮುಂದೆ ಕನ್ನಡಕ ಒರೆಸುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು, ಮೂರು ಫೋನಿನ ವಿಷಯ ಹೇಳಿದಳು. ಹೇಳಿ ಮುಗಿಯಿತು ಎಂದುಕೊಂಡಾಗ ಡಾಕ್ಟರು ಕೇಳಿದರು.

“ಈ ಉಪಾಯ ನಿನಗೆ ಈಗ ಹೊಳೀತಾ?”

ಅಲ್ಲಿ ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. “ಇಲ್ಲ ಡಾಕ್ಟ್ರೇ. ಕೆಳಗಡೆನೂ ಹಾಗೇ ಮಾಡ್ತಿದ್ದೆ. ಮೂರು, ಏಳು, ಹನ್ನೊಂದು ಜೇಬಲ್ಲಿಟ್ಕೊಳ್ತಿದ್ದೆ.”

“ಯಾವಾಗಿಂದ?”

“ಸೇರಿದ ಎರಡನೇ ತಿಂಗಳಿಂದ.”

ಡಾಕ್ಟರು ಕನ್ನಡಕ ಹಾಕಿಕೊಂಡರು. ಅವರು ಭಾವಮೈದುನನನ್ನು ನೆನೆದರೋ, ಸಂಘದ ಸಭೆಗಳನ್ನು ನೆನೆದರೋ ಹೇಳಲಾಗದು. “ಹಾಗಾದ್ರೆ ನನ್ನ ಅದೃಷ್ಟ?” ಎಂದರು.

“ಅದೃಷ್ಟ ಇತ್ತು ಡಾಕ್ಟ್ರೇ. ನಾನು ಬರೀ ನಂಬರ್ ಕೊಡ್ತಿದ್ದೆ.”

ಅವರಿಗೆ ಸಿಟ್ಟು ಬಂತು. ಅವರ ಸಿಟ್ಟಿನಲ್ಲಿ ದನಿ ಏರುವುದಿಲ್ಲ, ಇಳಿಯುತ್ತದೆ. “ಗೋಡೆ ಮೇಲೆ ನನ್ನ ಕೈಯಾರೆ ಬರೆದಿದ್ದೀನಿ. ಅದರ ಕೆಳಗೇ ಕೂತು ಇಷ್ಟು ವರ್ಷ ನನಗೆ ಮೋಸ ಮಾಡಿದ್ದೀಯ. ನಾಳೆಯಿಂದ ಬುಕ್ ಮಾಡಬೇಡ. ಒಂದು ನಂಬರೂ ಬೇಡ. ತಿಂಗಳು ಮುಗಿದ ಮೇಲೆ ಅಳಿಯ ಹೇಳಿದ ಹಾಗೆ ಆಗಲಿ.”

ಬುಧವಾರ ನಲವತ್ತು ಚೌಕಗಳೂ ಚುರುಕು ಬೆರಳಿನವರಿಗೆ ಹೋದವು. ಮೂರನೆಯದು ಕಟ್ಟಾಳಿನ ಗೆಳೆಯನಿಗೆ ಸಿಕ್ಕಿತು. ಅವನಿಗೂ ಕೂದಲಿನದೇ ಚಿಂತೆ. ಟೋಕನಕ್ಕ ಆರಕ್ಕೇ ಎದ್ದಿದ್ದಳು. ಗಂಡ ಹಲ್ಲುಜ್ಜುತ್ತಾ ಬಂದು, ಕಟ್ಟೆಯ ಮೇಲೆ ಫೋನುಗಳಿಲ್ಲದ್ದನ್ನು ನೋಡಿ, ಕಾಯಿಲೆ ಯಾವುದೆಂದು ಕೇಳದೆ ಹೋದ.

ಗುರುವಾರ ಒಂಬತ್ತು ಹತ್ತಕ್ಕೆ ಬಡಗಿಯ ಹೆಂಡತಿ ಲ್ಯಾಂಡ್‌ಲೈನಿಗೆ ಮಾಡಿದಳು. ಮೂವತ್ತನಾಲ್ಕು ಬಂದಿದೆ, ಹನ್ನೆರಡು ಹದಿನೆಂಟಕ್ಕೆ ಅಂತ ತೋರಿಸ್ತಿದೆ, ಅಲ್ಲಿಯವರೆಗೆ ಇವರಿಗೆ ಏನು ಕೊಡಲಿ ಎಂದು ಕೇಳಿದಳು. ಹಿಂದಿನಿಂದ ಬಡಗಿಯ ದನಿ ಕೇಳಿಸಿತು: “ಸುಮ್ನೆ ಯಾಕೆ ಅವರಿಗೆ ತೊಂದರೆ… ನನಗೇನೂ…” ಮಾತು ಪೂರ್ತಿಯಾಗಲಿಲ್ಲ.

“ಅವರ ಕೈಗೆ ಫೋನು ಕೊಡಮ್ಮ. ಏನಣ್ಣ, ನನ್ನ ಮೇಜಿನ ಡ್ರಾಯರು ನೀವೇ ಮಾಡಿದ್ದಲ್ವಾ? ಎಷ್ಟಡಿ ಉದ್ದದ್ದು?”

ಬಡಗಿ ಅಳತೆ ಕೇಳಿದರೆ ಉತ್ತರಿಸದೆ ಇರುವವನಲ್ಲ. ಉತ್ತರಕ್ಕೆ ಅವನು ಮೂರು ಸಲ ಉಸಿರು ತೆಗೆದುಕೊಂಡ.

“ಫೋನು ಇಡಿ, ವಿಡಿಯೊದಲ್ಲಿ ಬರ್ತೀನಿ,” ಎಂದು ಟೋಕನಕ್ಕ ರಿಸೀವರ್ ಪಕ್ಕಕ್ಕಿಟ್ಟಳು. ಬಡಗಿಯ ಹೆಂಡತಿಯ ನಂಬರಿಗೆ ತನ್ನ ಫೋನಿನಿಂದ ವಿಡಿಯೊ ಕಾಲ್ ಹಚ್ಚಿದಳು, ಉರಿಯುವ ಪರದೆಯನ್ನು ಅಂಗೈಯಲ್ಲಿ ಹಿಡಿದು ಮಹಡಿ ಹತ್ತಿದಳು. ರೋಗಿ ಎದುರಿಗಿರುವಾಗ ಆ ಕೋಣೆಗೆ ಅವಳು ಎಂದೂ ಹೋದವಳಲ್ಲ. ಡಾಕ್ಟರ ಪರದೆಯಲ್ಲಿ ಮೂರನೆಯ ನಂಬರಿನ ನೆತ್ತಿ ಕಾಣುತ್ತಿತ್ತು. “ಇಲ್ಲಿ ನೋಡಿ ಡಾಕ್ಟ್ರೇ, ಈ ಜಾಗದಲ್ಲಿ,” ಎಂದು ಬೆರಳು ಕೂದಲು ಸರಿಸುತ್ತಿತ್ತು.

ಡಾಕ್ಟರು ತಲೆ ಎತ್ತಿದರು. “ಏನು?”

“ಮೂವತ್ತನಾಲ್ಕು, ಡಾಕ್ಟ್ರೇ.”

ಗೋಡೆಯ ಗಡಿಯಾರ ಒಂಬತ್ತು ಹದಿನಾಲ್ಕು ತೋರಿಸುತ್ತಿತ್ತು. ಡಾಕ್ಟರು ಅದನ್ನು ನೋಡಿದರು, ನೆತ್ತಿಯನ್ನು ನೋಡಿದರು. ಅವಳು ಬಾಗಿಲಿನಿಂದ ಕದಲಲಿಲ್ಲ. ಕೆಲಸ ಹೇಗೂ ಹೋಗಿತ್ತು. ಇನ್ನು ಕಳೆದುಕೊಳ್ಳಲು ಇದ್ದದ್ದು ಬಡಗಿ.

“ಒಂದು ನಿಮಿಷ ಇರಪ್ಪ,” ಎಂದು ನೆತ್ತಿಗೆ ಹೇಳಿ, “ಕೊಡು ಇಲ್ಲಿ,” ಎಂದು ಅವರು ಅವಳ ಕಡೆ ಕೈ ಚಾಚಿದರು. ಬಡಗಿ ಗೋಡೆಗೆ ಒರಗದೆ ಎರಡು ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದ. ಡಾಕ್ಟರು ನಾಲ್ಕು ಪ್ರಶ್ನೆ ಕೇಳಿದರು. ಅಷ್ಟೂ ಹೊತ್ತು ಅವರ ಎಡಗೈ ಪೇಪರ್‌ವೇಟನ್ನು ನಾಡಿ ಹಿಡಿದಂತೆ ಹಿಡಿದಿತ್ತು. ಒಂಬತ್ತು ಇಪ್ಪತ್ತಕ್ಕೆ ಆಂಬ್ಯುಲೆನ್ಸಿಗೆ ಫೋನಾಯಿತು. ನೆತ್ತಿ ತನ್ನ ಆರು ನಿಮಿಷ ಮುಗಿದು ತಾನಾಗಿ ಮಾಯವಾಗಿತ್ತು.

ಡಾಕ್ಟರು ಫೋನನ್ನು ಅವಳ ಕೈಗೆ ವಾಪಸು ಕೊಟ್ಟರು. ನಾಲ್ಕನೆಯ ನಂಬರನ್ನು ಪರದೆಗೆ ಕರೆದರು. ಅವಳು ಕೆಳಗಿಳಿದು, ಪಕ್ಕಕ್ಕಿಟ್ಟಿದ್ದ ರಿಸೀವರನ್ನು ಅದರ ಜಾಗದಲ್ಲಿಟ್ಟಳು.

ಶುಕ್ರವಾರ ಸಂಜೆ ಅವರು ಅಳಿಯನನ್ನು ಕರೆದರು. ಬಡಗಿಗೆ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದ್ದಾರೆ, ಅಪಾಯ ದಾಟಿದೆ ಎಂಬ ಸುದ್ದಿ ಆಗಷ್ಟೇ ಬಂದಿತ್ತು. ಟೋಕನಕ್ಕ ಶಟರ್ ಇಳಿಸುತ್ತಿದ್ದಳು. ಮೆಟ್ಟಿಲ ಮೇಲಿನಿಂದ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಮೂರು, ಏಳು, ಹನ್ನೊಂದು ಮುಚ್ಚಿಬಿಡು. ಯಾರಿಗೂ ಸಿಗಬಾರದು.”

“ಯಾಕೆ ಮಾವ?”

“ಅವು ನನಗೆ ಮೊದಲಿಂದಲೂ ಅದೃಷ್ಟದ ನಂಬರು.”

“ಸರಿ, ಆದ್ರೆ ಆ ಹೊತ್ತಿಗೆ ಯಾರನ್ನ ಕೂರಿಸೋದು? ಆ್ಯಪ್‌ಗೆ ಹೇಗೆ ಗೊತ್ತಾಗುತ್ತೆ?”

“ಆ್ಯಪ್‌ಗೆ ಗೊತ್ತಾಗಲ್ಲ. ಕೆಳಗೆ ಕೂತಿದ್ದಾಳಲ್ಲ, ಅವಳು ಹೇಳ್ತಾಳೆ. ಮೇಜು ಅಲ್ಲೇ ಇರಲಿ.” ಸ್ವಲ್ಪ ತಡೆದು ಸೇರಿಸಿದರು: “ಆ ಮೂರು ಜನ ನಿಷ್ಠಾವಂತ ರೋಗಿಗಳ ವಿಷಯ ಕೆದಕಬೇಡ. ಅವರಿಗೆ ಭಾನುವಾರ ಹುಷಾರಿರೋದಿಲ್ಲ.”

ಭಾನುವಾರ ಹನ್ನೊಂದಕ್ಕೆ ಕಾರ್ಯಕ್ರಮ ನಡೆಯಿತು. ಟೋಕನಕ್ಕನ ಮನೆಯಲ್ಲಿ ಮೂವರೂ ಗಂಡನ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನೋಡಿದರು. ಅಳಿಯ ಚಿತ್ರಗಳನ್ನು ತೋರಿಸುತ್ತಾ, ನೂರು ದಿನಗಳ ಅನುಭವದಿಂದ ಆ್ಯಪ್‌ಗೆ ‘ಸ್ವಯಂಚಾಲಿತ ಆದ್ಯತೆ’ ಎಂಬ ಹೊಸ ವ್ಯವಸ್ಥೆ ಸೇರಿಸಿದ್ದೇವೆ, ಯಾರಿಗೆ ತುರ್ತು ಎಂಬುದು ಅದಕ್ಕೆ ತಾನಾಗಿ ತಿಳಿಯುತ್ತದೆ ಎಂದ. ಸಂಘದ ಅಧ್ಯಕ್ಷರು ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಿದರು. ತಾಂತ್ರಿಕ ವಿವರ ಬೇಸರ ತರಿಸಬಹುದು ಎಂದು ಅವನು ಮುಂದಿನ ಚಿತ್ರಕ್ಕೆ ಹೋದ. ಅತ್ಯಂತ ನಿಷ್ಠಾವಂತ ಮೂವರು ರೋಗಿಗಳು ಅನಾರೋಗ್ಯದ ಕಾರಣ ಬರಲಾಗಲಿಲ್ಲವೆಂದೂ ಅವರು ಬೇಗ ಗುಣವಾಗಲೆಂದೂ ಹಾರೈಸಲಾಯಿತು. ಕೊನೆಯಲ್ಲಿ ಡಾಕ್ಟರು ಎರಡು ಮಾತಾಡಿದರು. ಸೀರಿಯಸ್ ಕೇಸುಗಳು ತಮ್ಮ ಬಳಿ ಯಾವತ್ತೂ ಮೊದಲೇ ಬರುತ್ತವೆ ಎಂದರು. ಅದೃಷ್ಟ ಎಂಬ ಪದವನ್ನು ಬಳಸಲಿಲ್ಲ.

“ಕೆಮ್ಮು ತೆಗೆಸಿದೆಯಾ?” ಎಂದಳು ಅತ್ತೆ.

“ತೆಗೆಸಿದೆ ಅತ್ತೆ,” ಎಂದಳು ಟೋಕನಕ್ಕ. ತೆಗೆಸಿರಲಿಲ್ಲ. ಆ್ಯಪ್‌ನಲ್ಲಿ ಹಳೆಯದನ್ನು ಅಳಿಸಲು ಬರುವುದಿಲ್ಲ.

ಸೋಮವಾರ ಬೆಳಗ್ಗೆ ಆರಕ್ಕೆ ಮೂವತ್ತೇಳು ಚೌಕಗಳು ಹಸಿರಾದವು. ಮೂರು, ಏಳು, ಹನ್ನೊಂದು ಬೂದು ಬಣ್ಣದಲ್ಲೇ ಉಳಿದವು. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಲ್ಯಾಂಡ್‌ಲೈನು ಹೊಡೆದುಕೊಂಡಿತು. ಟೋಕನಕ್ಕ ಕೋಟಿನ ಗುಂಡಿ ಹಾಕಿಕೊಂಡು ರಿಸೀವರ್ ಎತ್ತಿದಳು.